ಒಣಗದ ಹಲಗೆ

ಆ ವರ್ಷ ಅಪ್ಪನ ಬಲಭುಜ ಹಿಡಿದುಕೊಂಡಿತ್ತು. ಕೈ ಕಿವಿಯ ಮಟ್ಟಕ್ಕಿಂತ ಮೇಲೆ ಏಳುತ್ತಿರಲಿಲ್ಲ. ಹಾಗಾಗಿ ಬೇಲಿಗೆ ಬಣ್ಣ ಬಳಿಯುವ ಸರದಿ ಮೊದಲ ಬಾರಿಗೆ ನನಗೆ ಬಂತು. ನಮ್ಮೂರಲ್ಲಿ ಎರಡು ಮನೆಗಳ ನಡುವೆ ಒಂದೇ ಹಲಗೆ ಬೇಲಿ. ಆಚೆ ಮನೆಯಿಂದ ಒಬ್ಬರು, ಈಚೆ ಮನೆಯಿಂದ ಒಬ್ಬರು ಒಂದೇ ಹೊತ್ತಿಗೆ ನಿಂತು ತಮ್ಮ ತಮ್ಮ ಮಗ್ಗುಲನ್ನು ಬಳಿಯಬೇಕು. ಆ ಇಬ್ಬರಲ್ಲಿ ಯಾರಾದರೂ ಇನ್ನೊಬ್ಬರಿಗೆ ಹೇಳಬೇಕಾದ ಮಾತನ್ನು ಹೇಳದೆ ಇಟ್ಟುಕೊಂಡಿದ್ದರೆ ಬಣ್ಣ ಒಣಗುವುದಿಲ್ಲ. ಇಡೀ ಬೇಲಿ ಅಲ್ಲ, ಎಲ್ಲೋ ಒಂದು ಹಲಗೆ, ಅಪರೂಪಕ್ಕೆ ಎರಡು. ಎಷ್ಟು ಬಿಸಿಲು ಬಿದ್ದರೂ ಅಷ್ಟೇ, ಬೆರಳಿಟ್ಟರೆ ಅಂಟುತ್ತದೆ.

ಊರು ಇದಕ್ಕೆ ಎಂದೋ ಹೊಂದಿಕೊಂಡಿದೆ. ಹೆಣ್ಣು ನೋಡಲು ಬಂದವರು ಚಪ್ಪಲಿ ಬಿಡುವ ಮೊದಲು ಬೇಲಿಯ ಮೇಲೊಮ್ಮೆ ಹೆಬ್ಬೆರಳು ಒತ್ತಿ ನೋಡುತ್ತಾರೆ. ಯಾರಾದರೂ ಬೆನ್ನಿಗೆ ಬಣ್ಣ ಮೆತ್ತಿಕೊಂಡು ಪೇಟೆಗೆ ಬಂದರೆ, ಎಲ್ಲಿ ಒರಗಿದ್ದೆ ಎಂದು ನಾಲ್ಕು ಜನ ಕೇಳುತ್ತಾರೆ. ಬಣ್ಣದ ಅಂಗಡಿಯ ಜಂಬಣ್ಣ ಪ್ರತಿ ಡಬ್ಬಿಯ ಜೊತೆ ಸೀಮೆಎಣ್ಣೆಯಲ್ಲಿ ಅದ್ದಿದ ಒಂದು ಅರಿವೆ ತುಂಡನ್ನೂ ಕೊಡುತ್ತಾನೆ. "ಬಣ್ಣದ ಗ್ಯಾರಂಟಿ ನಂದು, ಬಾಯಿದು ನಿಮ್ದು" ಅನ್ನುವುದು ಅವನ ವಾಡಿಕೆಯ ಮಾತು.

ಬಳಿಯುವುದಕ್ಕೆ ಮೊದಲು ಹಳೆಯ ಬಣ್ಣ ಕೆರೆಯಬೇಕು. ಮಳೆ ಮುಗಿದು ಚಳಿ ಇನ್ನೂ ಬಾರದ ವಾರದಲ್ಲಿ ಇಡೀ ಬೀದಿ ಒಂದೇ ದಿನ ಕೆರೆಯುತ್ತದೆ. ಕಬ್ಬಿಣದ ಪಟ್ಟಿ ಹಿಡಿದು ಮನೆಮನೆಯವರೂ ಬೇಲಿಗೆ ಬೀಳುತ್ತಾರೆ, ಬೀದಿಯ ತುಂಬ ಗರಗರ ಸದ್ದು. ಆ ಸದ್ದಿನ ಮರೆಯಲ್ಲಿ ವರ್ಷದ ಮಾತುಗಳೆಲ್ಲ ಹೊರಗೆ ಬರುತ್ತವೆ. ಸಂಜೆ ಉದುರಿದ ಹಕ್ಕಳೆಯನ್ನು ಗುಡಿಸಿ ಬೀದಿಯ ತುದಿಯಲ್ಲಿ ಸುಡುತ್ತಾರೆ. ಅಲ್ಲಿಗೆ ಅವತ್ತು ಆಡಿದ ಮಾತೂ ಮುಗಿಯಿತು. ಕೇಳಿಸಿಕೊಂಡವರು ಯಾರೇ ಆಗಲಿ ಮರುದಿನ ಅದನ್ನು ಎತ್ತಿ ಆಡುವಂತಿಲ್ಲ. ಎತ್ತಿ ಆಡಿದವರ ಮನೆಗೆ ಆ ವರ್ಷ ಯಾರೂ ಊಟಕ್ಕೆ ಹೋಗುವುದಿಲ್ಲ.

ಅವತ್ತು ಎದುರು ಸಾಲಿನ ಸಾವಕ್ಕ ತನ್ನ ಪಕ್ಕದವಳಿಗೆ, "ನಿನ್ನ ಮಗಳ ಮದುವೇಲಿ ಹೋಳಿಗೆ ಬೆಂದಿರ್ಲಿಲ್ಲ ಕಣೆ. ಎಲೆ ಕೆಳಗೆ ಮುಚ್ಚಿಟ್ಟು ಬಂದೆ" ಅಂದಳು. "ಗೊತ್ತು ಬಿಡೆ, ಎಲೆ ಎತ್ತಿದೋಳೇ ನಾನು" ಎಂದು ಆಚೆಯಿಂದ ಉತ್ತರ ಬಂತು. ಎರಡು ಕಡೆಯೂ ಪಟ್ಟಿ ನಿಲ್ಲಲಿಲ್ಲ.

ನನ್ನ ಆಚೆ ಬದಿಗೆ ಇದ್ದವಳು ಇಂದುಮತಿ. ಹುಡುಗಿಯರ ಶಾಲೆಯ ಹೊಲಿಗೆ ಟೀಚರು. ನಲವತ್ತೈದು ದಾಟಿತ್ತು, ಮದುವೆ ಆಗಿರಲಿಲ್ಲ, ಒಬ್ಬಳೇ ಆ ಬಾಡಿಗೆ ಮನೆಯಲ್ಲಿ ಹನ್ನೆರಡು ವರ್ಷದಿಂದ ಇದ್ದಳು. ನಾನು ಇಂದಕ್ಕ ಅನ್ನುತ್ತಿದ್ದೆ. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಮಾತಾಡುವ ಅಭ್ಯಾಸ ಅವಳಿಗೆ. ನನಗೆ ಗುಂಡಿಮನೆ ತೆಗೆಯುವುದರಿಂದ ಹಿಡಿದು ರವಿಕೆ ಕತ್ತರಿಸುವವರೆಗೆ ಕಲಿಸಿದವಳೂ ಅವಳೇ. ನಾನು ಯಾರ ಮನೆಗೂ ಹೋಗಿ ಕೂರುವವಳಲ್ಲ, ಅವಳ ಮನೆಯೊಂದಕ್ಕೆ ಮಾತ್ರ ಹೋಗುತ್ತಿದ್ದೆ. ನಾನು ಒಂದು ಗಂಟೆ ಸುಮ್ಮನೆ ಕೂತಿದ್ದರೂ ಅವಳು ಯಾಕೆ ಎಂದು ಕೇಳುತ್ತಿರಲಿಲ್ಲ.

"ಏನೇ ತಾರೀ, ಕೆರೀತಿದೀಯೋ, ಹಲಗೆಗೆ ತಲೆ ನೇವರಿಸ್ತಿದೀಯೋ?" ಅಂದಳು ಸಂದಿಯಿಂದ. ನಾನು ಪಟ್ಟಿಯನ್ನು ಗಟ್ಟಿಯಾಗಿ ಹಿಡಿದೆ. "ನಾನೇ ಶುರು ಮಾಡ್ತೀನಿ ಕೇಳು. ನಿಮ್ಮವ್ವ ಕೊಡೋ ನಿಂಬೆಕಾಯಿ ಉಪ್ಪಿನಕಾಯಿ ನಾನು ತಿನ್ನಲ್ಲ. ಶಾಲೆ ಆಯಾಗೆ ಕೊಟ್ಟುಬಿಡ್ತೀನಿ. ಅವಳು ಅದನ್ನ ಯಾರಿಗೆ ಕೊಡ್ತಾಳೋ ಗೊತ್ತಿಲ್ಲ." ನನಗೆ ನಗು ಬಂತು. "ನಿನ್ನ ತುಳಸಿ ಕುಂಡದ ಅಂಚು ಒಡೆದಿದ್ದು ನಾನು" ಅಂದೆ. "ಅಯ್ಯೋ, ಸುಮ್ನೆ ಬೆಕ್ಕಿಗೆ ಬೈದೆನಲ್ಲೆ" ಅಂದಳು. ಆಮೇಲೆ ಕೆರೆಯುವುದನ್ನು ನಿಲ್ಲಿಸಿ ಸಂದಿಗೆ ಕಿವಿ ತಂದಳು. ಅವಳ ಓಲೆ ಕಂಡಿತು. "ಇನ್ನೇನೈತೆ?"

ಇತ್ತು. ಎರಡು ತಿಂಗಳ ಹಿಂದೆ ನಾನು ಡಿಗ್ರಿ ಮುಗಿಸಿ ಮನೆಯಲ್ಲಿದ್ದಾಗ ಅವಳ ಶಾಲೆಯಲ್ಲಿ ಐದನೇ ತರಗತಿಗೆ ಟೀಚರ ಜಾಗ ಖಾಲಿಯಾಗಿತ್ತು. ಪುರಸಭೆಯ ನಲ್ಲಿ ನೀರು ಬಿಡುವ ಕೆಲಸದ ಅಪ್ಪ ಹೆಡ್ಮಿಸ್ಸಿನ ಮನೆಗೆ ಎರಡು ಸಲ ಹೋಗಿ ಬಂದಿದ್ದ. ನಲವತ್ತು ಹುಡುಗಿಯರ ಮುಂದೆ ನಿಂತು ಒಂದು ಪಾಠ ಮಾಡಿ ತೋರಿಸಬೇಕು ಅಂತ ನನ್ನನ್ನು ಕರೆದರು. ಆಫೀಸಿನ ಹೊರಗಿನ ಬೆಂಚಿನ ಮೇಲೆ ಕೂತಿದ್ದೆ. ಅಂಗೈ ಬೆವೆತು ಪುಸ್ತಕದ ರಟ್ಟಿನ ಬಣ್ಣ ಕೈಗೆ ಹತ್ತಿತ್ತು. ಹೆಸರು ಕೂಗಿದರೆ ಎದ್ದು ನಿಲ್ಲಲು ಕಾಲು ಬರುತ್ತದೋ ಇಲ್ಲವೋ ಅಂತ ಬೆಂಚಿನ ಕೆಳಗೇ ಎರಡು ಸಲ ಪಾದ ಊರಿ ನೋಡಿಕೊಂಡೆ. ಒಳಗೆ ಹೆಡ್ಮಿಸ್ಸು, "ನಿಮ್ಮ ಪಕ್ಕದ ಮನೆ ಹುಡುಗಿಯಂತಲ್ಲ, ಹೇಗೆ?" ಎಂದು ಕೇಳಿದ್ದು ಕೇಳಿಸಿತು. "ಬ್ಯಾಡ ಬಿಡಿ ಮಿಸ್. ಬಂಗಾರದಂಥ ಹುಡುಗಿ, ಆದ್ರೆ ಬಾಯಿಲ್ಲ. ನಮ್ಮ ಮಕ್ಕಳು ಅದನ್ನ ಹುರಿದು ತಿಂತಾವೆ" ಅಂದಳು ಇಂದಕ್ಕ. ನನ್ನ ಎದೆಯ ಮೇಲಿನ ಬೀಸುವ ಕಲ್ಲನ್ನು ಯಾರೋ ಎತ್ತಿಕೊಂಡು ಹೋದಂತಾಯಿತು. ಯಾರಿಗೂ ಕಾಣದ ಹಾಗೆ ಹಿಂದಿನ ಮೆಟ್ಟಿಲಿಳಿದು ಮನೆಗೆ ಬಂದೆ. ದಾರಿಯಲ್ಲಿ ಒಂದು ಕಡೆ ನಿಂತು ಕಬ್ಬಿನ ಹಾಲು ಕುಡಿದೆ ಕೂಡ. ಪಾಠ ಮಾಡದೇ ಎದ್ದು ಬಂದದ್ದನ್ನು ಮನೆಯಲ್ಲಿ ಹೇಳಲಿಲ್ಲ.

ಸಂಜೆ ಜಾಗ ತುಂಬಿತೆಂದು ಶಾಲೆಯಿಂದ ಚೀಟಿ ಬಂತು. ಅಪ್ಪ ಅದನ್ನು ಎರಡು ಸಲ ಓದಿದ. ಆಗಲೇ ಅವನು ಕ್ಷೌರದಂಗಡಿಯಲ್ಲಿ, ನೀರಿನ ಟ್ಯಾಂಕಿನ ಹತ್ತಿರ, ಎಲ್ಲ ಕಡೆಗೂ ಮಗಳು ಟೀಚರಾಗುತ್ತಾಳೆ ಅಂತ ಹೇಳಿಕೊಂಡು ಬಂದಿದ್ದ. "ಯಾರೋ ಶಿಫಾರಸು ತಂದಿರ್ಬೇಕು. ನೀನು ಬೇಜಾರು ಮಾಡ್ಕೋಬ್ಯಾಡ" ಅಂದ. ನಾನು ತಲೆ ತಗ್ಗಿಸಿ ಕೂತದ್ದನ್ನು ನೋಡಿ ಅವನೂ ಊಟ ಬಿಟ್ಟ. ಅವ್ವ ನನ್ನ ಸಮಾಧಾನಕ್ಕೆ ಅಂತ ರವೆ ಉಂಡೆ ಕಟ್ಟಿದಳು. ಅವನ್ನೆಲ್ಲ ನಾನೇ ತಿಂದೆ. ಡೈರಿಯಲ್ಲಿ ಮಾತ್ರ, ಇಂದಕ್ಕ ನನ್ನನ್ನು ಉಳಿಸಿದಳು ಎಂದು ಬರೆದೆ. ಬರೆದುಬಿಟ್ಟರೆ ಹೇಳಿದ ಹಾಗೇ ಆಯಿತು ಎಂಬ ಭಾವನೆ ನನ್ನದು.

ಈಗ ಸಂದಿಯಲ್ಲಿ ಅವಳ ಕಿವಿ ಕಾಯುತ್ತಿತ್ತು. ನೀನು ಹೇಳಿದ್ದು ಕೇಳಿಸಿತು, ನನಗೆ ಬೇಕಾಗಿದ್ದೂ ಅದೇ. ಇಷ್ಟು ಹೇಳಿದ್ದರೆ ಸಾಕಿತ್ತು. ಅಪ್ಪ ಭುಜಕ್ಕೆ ಉಪ್ಪಿನ ಗಂಟು ಒತ್ತಿಕೊಂಡು ನಾಲ್ಕು ಮಾರು ದೂರದ ಕಟ್ಟೆಯ ಮೇಲೆ ಕೂತಿದ್ದ. ಅವನಿಗೆ ಕೇಳಿಸಿದರೂ ಏನೂ ಆಗುತ್ತಿರಲಿಲ್ಲ, ಅದು ಕೆರೆಯುವ ದಿನ, ಅವನು ಎತ್ತಿ ಆಡುವಂತಿರಲಿಲ್ಲ. ಅದೂ ನನಗೆ ಗೊತ್ತಿತ್ತು. ಆದರೆ ಬಾಯಿಂದ ಆಡದಿದ್ದರೂ ಅವನ ಮುಖ ಇರುತ್ತಿತ್ತಲ್ಲ. ಆ ಚೀಟಿಯನ್ನು ಓದಿದ ಮುಖ. "ಇನ್ನೇನೂ ಇಲ್ಲ" ಅಂದೆ. "ಪುಣ್ಯವಂತೆ" ಎಂದು ಇಂದಕ್ಕ ಮತ್ತೆ ಪಟ್ಟಿ ಎತ್ತಿಕೊಂಡಳು.

ಆಮೇಲಿನ ಕೆಲಸ ನನಗೆ ಹಿಡಿಸಿತು. ಹಲಗೆಗಳನ್ನು ಅಂಟುವಾಳದ ನೀರಲ್ಲಿ ತೊಳೆದು ಎರಡು ದಿನ ಬಿಸಿಲಿಗೆ ಬಿಟ್ಟೆವು. ಹೊರಬಂದ ಮೊಳೆಗಳನ್ನು ಹೊಡೆದು ಕೂರಿಸಿದೆವು. ಸುಣ್ಣದ ಪುಡಿಗೆ ಅಗಸೆ ಎಣ್ಣೆ ನಾದಿ ಬಿರುಕುಗಳಿಗೆ ಮೆತ್ತಿದೆ. ಮರಳು ಕಾಗದದಿಂದ ಉಜ್ಜುವಾಗ ಹಲಗೆಯ ಗೆರೆಗಳು ಒಂದೊಂದಾಗಿ ಎದ್ದು ಬಂದವು. ಬುಡದ ಕನಕಾಂಬರದ ಗಿಡಗಳಿಗೆ ಹಳೆ ಗೋಣಿ ಹೊದಿಸಿದೆವು. ಅಪ್ಪನ ಹರಕು ಪಂಚೆಯಲ್ಲಿ ಬಣ್ಣ ಸೋಸಿ, ಹಾಲಿನಷ್ಟು ತೆಳ್ಳಗೆ ಒಂದು ಕೈ, ಮೊಸರಿನಷ್ಟು ಗಟ್ಟಿಗೆ ಎರಡನೇ ಕೈ ಬಳಿದೆವು. ಇಂದಕ್ಕ ಆರಿಸಿದ್ದು ಎಳೆ ಬದನೆಕಾಯಿಯ ಬಣ್ಣ. ನಾನು ಬ್ರಷ್ಷನ್ನು ಮೇಲಿಂದ ಕೆಳಗೆ ಎಳೆದರೆ ಆಚೆ ಬದಿಯಲ್ಲಿ ಅವಳ ಬ್ರಷ್ಷೂ ಇಳಿಯುವ ಸದ್ದು. ಇಬ್ಬರೂ ಒಂದೇ ಉಸಿರಿಗೆ ಕೆಳಗೆ ಮುಟ್ಟಿದರೆ ಅವಳು ಹಲಗೆಯನ್ನು ಬೆರಳ ಗೆಣ್ಣಿಂದ ಒಮ್ಮೆ ಕುಟ್ಟುತ್ತಿದ್ದಳು. ನಾನೂ ಕುಟ್ಟುತ್ತಿದ್ದೆ.

ಎರಡನೇ ದಿನಕ್ಕೆ ಬೇಲಿ ಒಣಗಿತು, ಗೇಟಿನಿಂದ ಮೂರನೆಯ ಹಲಗೆ ಒಂದನ್ನು ಬಿಟ್ಟು. ಅದು ಬೀದಿಗೆ ಚೆನ್ನಾಗಿ ಕಾಣುವ ಜಾಗ. ನಾಲ್ಕನೇ ದಿನ ಅಪ್ಪ ಜಂಬಣ್ಣನನ್ನು ಕರೆತಂದ. ಜಂಬಣ್ಣ ಮೂಸಿದ, ಉಗುರಿನಿಂದ ಗೀರಿದ, ಆಚೆ ಮಗ್ಗುಲಿಗೂ ಹೋಗಿ ನೋಡಿ ಬಂದ. "ಎಣ್ಣೆ ಸರಿ ಐತೆ, ಗಾಳಿ ಸರಿ ಐತೆ. ಇನ್ನು ಉಳಿದಿದ್ದು ಬಳಿದವರಿಬ್ಬರು" ಎಂದು ನನ್ನ ಮುಖ ನೋಡಿ ನಕ್ಕುಬಿಟ್ಟ. "ಈ ಹುಡುಗಿ ಏನು ಮುಚ್ಚಿಟ್ಟೀತು? ಬಾಯಿದ್ದರಲ್ಲವೇ ಮುಚ್ಚೋದು." ಬೇಲಿಯ ಹತ್ತಿರ ನಿಂತಿದ್ದ ಆರೇಳು ಜನರೂ ನಕ್ಕರು. ಆಮೇಲೆ ಎಲ್ಲರೂ ಆಚೆ ಮನೆಯ ಕಡೆ ತಿರುಗಿದರು. ಇಂದಕ್ಕ ಸೆರಗಿಂದ ಕೈ ಒರೆಸಿಕೊಳ್ಳುತ್ತಾ, "ಇರ್ಲಿ ಬಿಡಣ್ಣ, ಯೋಚನೆ ಮಾಡ್ತೀನಿ. ಏನೋ ಮರೆತಿರ್ತೀನಿ" ಅಂದಳು. ಅವಳಿಗೂ ನನ್ನ ಮೇಲೆ ಅನುಮಾನ ಬರಲಿಲ್ಲ.

ಅವತ್ತಿನಿಂದ ಶಾಲೆ ಬಿಟ್ಟು ಬಂದ ಕೂಡಲೇ ಅವಳು ಮೂರನೆಯ ಹಲಗೆಯ ಹತ್ತಿರ ನಿಂತು ಏನಾದರೊಂದು ಹೇಳತೊಡಗಿದಳು. ನನ್ನ ನೀಲಿ ಲಂಗದ ಬಟ್ಟೆಯಲ್ಲಿ ಅರ್ಧ ಗಜ ಉಳಿದಿತ್ತು, ಅದರಲ್ಲಿ ತನ್ನ ದಿಂಬಿಗೆ ಚೀಲ ಹೊಲಿದುಕೊಂಡಿದ್ದಳು. ನನ್ನ ಮೂಗು ನಮ್ಮಪ್ಪನದೇ ಎಂದು ಯಾರ ಹತ್ತಿರವೋ ಅಂದಿದ್ದಳು. ಒಂದು ಸಲ ನಾನು ಬಂದು ಬಾಗಿಲು ತಟ್ಟಿದಾಗ ನಿದ್ದೆ ಬಂದಿತ್ತೆಂದು ಒಳಗೇ ಸುಮ್ಮನಿದ್ದಳು. "ಇದಕ್ಕೆ ಒಣಗುತ್ತೇನೋ ನೋಡೋಣ" ಅನ್ನುತ್ತಿದ್ದಳು. ಬೆಳಿಗ್ಗೆ ಬೆರಳಿಟ್ಟು ನೋಡಿ, "ಇದಲ್ಲ" ಅನ್ನುತ್ತಿದ್ದಳು. ನಾನು ಹೂಂಗುಟ್ಟುತ್ತಿದ್ದೆ. ನಾಳೆ ಅವಳೊಬ್ಬಳೇ ಇದ್ದಾಗ ಅವಳ ಮನೆಗೇ ಹೋಗಿ ಹೇಳುತ್ತೇನೆ ಅಂದುಕೊಳ್ಳುತ್ತಿದ್ದೆ. ಹೇಳಿದರೆ ಹಲಗೆ ಒಣಗುತ್ತದೆ, ಒಣಗಿದರೆ ಏನು ಹೇಳಿದೆಯೆಂದು ಅಪ್ಪ ಕೇಳುತ್ತಾನೆ. ಕೆರೆಯುವ ದಿನದ ರಕ್ಷೆ ಈಗ ಇಲ್ಲ. ಅಲ್ಲಿಗೆ ಬಂದು ನಿಲ್ಲುತ್ತಿತ್ತು ನನ್ನ ಧೈರ್ಯ.

ಹತ್ತನೇ ದಿನ ಅವಳ ಹೊಲಿಗೆ ತರಗತಿಗೆ ಇಬ್ಬರು ಹುಡುಗಿಯರು ಬರಲಿಲ್ಲ. ಮರುದಿನ ಏಳು ಜನ. ಹುಡುಗಿಯರು ಅಳತೆ ಕೊಡುತ್ತಾ ಮನೆಯ ಕಷ್ಟಸುಖವನ್ನೆಲ್ಲ ಹೊಲಿಗೆ ಟೀಚರ ಹತ್ತಿರ ಹೇಳಿಕೊಳ್ಳುತ್ತಾರೆ, ಹಸಿ ಬೇಲಿಯವಳ ಹತ್ತಿರ ಹೇಗೆ ಕಳಿಸುವುದು ಎಂದು ತಾಯಂದಿರು ಮಾತಾಡಿಕೊಂಡರಂತೆ. ಅವ್ವ ಬಂದು ಹೇಳಿದಳು. "ನಮ್ಮ ಇಂದುಮತಿ ಅಂಥೋಳಲ್ಲ" ಎಂದೂ ಅಂದಳು. ಅಪ್ಪನೂ ಆಗ ಹಾಗೇ ಅಂದ.

ಹನ್ನೆರಡನೆಯ ದಿನ ಭಾನುವಾರ. ಮಧ್ಯಾಹ್ನ ಅಪ್ಪ ಕಟ್ಟೆಯ ಮೇಲೆ ಕೂತಿದ್ದ, ನಾನು ಅವನ ಭುಜಕ್ಕೆ ಎಣ್ಣೆ ಹಚ್ಚುತ್ತಿದ್ದೆ. ಇಂದಕ್ಕ ಬೇಲಿಗೆ ಬಂದಳು. ಕಣ್ಣ ಕೆಳಗೆ ಕಪ್ಪಾಗಿತ್ತು. ಅವತ್ತು ಬಾಯಲ್ಲಿ ಸೂಜಿ ಇರಲಿಲ್ಲ. "ತಾರೀ, ಇನ್ನು ಒಂದೇ ಉಳಿದಿರೋದು. ಅದು ತಪ್ಪು ಅಂತ ನಂಗೆ ಅನ್ನಿಸಿರ್ಲೇ ಇಲ್ಲ, ಅದ್ಕೇ ಕೆರೆಯೋ ದಿನ ನೆನಪಾಗ್ಲಿಲ್ಲ. ಅಣ್ಣನೂ ಇಲ್ಲೇ ಅವನೆ, ಇರ್ಲಿ, ಕೇಳ್ಲಿ." ಹೇಳಿದಳು. ಹೆಡ್ಮಿಸ್ಸು ಕೇಳಿದ್ದು, ತಾನು ಬೇಡ ಅಂದದ್ದು, ಬಾಯಿಲ್ಲ ಅಂದದ್ದು, ಹುರಿದು ತಿನ್ನುತ್ತಾರೆ ಅಂದದ್ದು, ಒಂದಕ್ಷರ ಬಿಡದೆ.

ಅಪ್ಪ ಎದ್ದ. ನನ್ನ ಎಣ್ಣೆಗೈ ಗಾಳಿಯಲ್ಲೇ ಉಳಿಯಿತು. ಅವನು ದನಿ ಎತ್ತಲಿಲ್ಲ. "ನನ್ನ ಮಗಳ ಅನ್ನ ತೆಗೆದು, ಎರಡು ತಿಂಗಳು ನನ್ನೆದುರಿಗೇ ನಗ್ತಾ ಓಡಾಡಿದೆಯಲ್ಲವ್ವ" ಅಂದ. "ಅವಳು ಬೆಂಚಿನ ಮೇಲೆ ನಡುಗ್ತಿದ್ಲು ಅಣ್ಣ. ನೀನು ನೋಡಿಲ್ಲ. ನಾನು ನೋಡ್ದೆ." "ನಡುಗಿದ್ರೆ ನಡುಗ್ಲಿ. ಮೊದಲ್ನೇ ದಿನ ಯಾರು ನಡುಗಲ್ಲ? ನಾನು ಮೊದಲ್ನೇ ದಿನ ಟ್ಯಾಂಕ್ ಹತ್ತಿದಾಗ ನಡುಗಿದ್ದೆ." ಇಂದಕ್ಕ ನನ್ನ ಕಡೆ ತಿರುಗಿದಳು. "ನೀನೇ ಹೇಳೆ ತಾರೀ. ನಾನು ಹಂಗಂದಿದ್ದು ನಿಂಗೆ ಅನ್ಯಾಯ ಆಯ್ತಾ?" ಅಪ್ಪನೂ ನೋಡಿದ. ನಾನು ಮೆತ್ತಿದ ಒಂದು ಬಿರುಕು ಹಲಗೆಯ ಮೇಲೆ ಸ್ವಲ್ಪ ಉಬ್ಬಿಕೊಂಡಿತ್ತು. ಅದನ್ನೇ ನೋಡುತ್ತಾ ನಿಂತೆ. ಇಲ್ಲ ಅನ್ನಬೇಕಿತ್ತು, ಎರಡೇ ಅಕ್ಷರ. ನನ್ನ ಸುಮ್ಮನಿರುವಿಕೆಗೆ ಅವರಿಬ್ಬರೂ ಒಂದೇ ಅರ್ಥ ಕೊಟ್ಟುಕೊಂಡರು. ಇಂದಕ್ಕ "ಹೌದೇನೋ" ಎಂದು ತನಗೆ ತಾನೇ ಅಂದುಕೊಂಡು ಒಳಗೆ ಹೋದಳು.

ಮರುದಿನ ಬೆಳಿಗ್ಗೆ ಅಪ್ಪ ಹಲಗೆಗೆ ಹೆಬ್ಬೆರಳು ಒತ್ತಿದ. ಬೆರಳಿಗೆ ಬದನೆಯ ಬಣ್ಣ ಹತ್ತಿತು. "ಇಷ್ಟು ಹೇಳಿದ ಮೇಲೂ ಒಣಗಿಲ್ಲ ಅಂದ್ರೆ ಇದಕ್ಕಿಂತ ದೊಡ್ಡದು ಇನ್ನೇನೋ ಐತೆ" ಅಂದ. ಆ ಮಾತನ್ನು ಅವನು ಟ್ಯಾಂಕಿನ ಹತ್ತಿರವೂ ಅಂದ. ಸಂಜೆಯ ಹೊತ್ತಿಗೆ ಅದು ಬೀದಿಯ ಮಾತಾಯಿತು. ಪಕ್ಕದ ಮನೆಯ ಹುಡುಗಿಯ ಕೆಲಸ ಕೆಡಿಸಿದ್ದನ್ನೇ ಒಪ್ಪಿಕೊಂಡವಳು ಬಾಯಿಬಿಡದ ಆ ಇನ್ನೊಂದು ಏನಿರಬಹುದು ಎಂದು ಜನ ತಮಗೆ ತೋಚಿದ್ದನ್ನೆಲ್ಲ ಸೇರಿಸಿದರು. ವಾರದ ಕೊನೆಗೆ ಹೆಡ್ಮಿಸ್ಸು ಅವಳನ್ನು ಕರೆದು, ಬೇಲಿ ಒಣಗುವವರೆಗೆ ರಜೆಯ ಮೇಲಿರಿ ಅಂದರಂತೆ.

ಆಮೇಲೆ ಅವಳು ಬೇಲಿಯ ಹತ್ತಿರ ಬರಲಿಲ್ಲ. ನಾನು ಸಂದಿಯಿಂದ ನೋಡುತ್ತಿದ್ದೆ. ಮೆಟ್ಟಿಲ ಮೇಲೆ ಕೂತು ಬೆರಳು ಮಡಚಿ ಮಡಚಿ ಎಣಿಸುತ್ತಿದ್ದಳು. ಹನ್ನೆರಡು ವರ್ಷದಲ್ಲಿ ನನಗೆ ಮಾಡಿದ್ದು, ಅಂದದ್ದು, ಅನ್ನದೆ ಬಿಟ್ಟದ್ದು ಎಲ್ಲವನ್ನೂ ನೆನೆಸಿಕೊಳ್ಳುತ್ತಿದ್ದಳು ಅಂತ ಕಾಣುತ್ತದೆ. ಒಂದು ಬೆರಳಿನ ಹತ್ತಿರ ನಿಲ್ಲುವಳು, ಯೋಚಿಸುವಳು, ತಲೆಯಾಡಿಸಿ ಮುಂದಕ್ಕೆ ಹೋಗುವಳು. ತನ್ನಲ್ಲಿ ಇಲ್ಲದ ತಪ್ಪನ್ನು ಅವಳು ಅಷ್ಟು ಶ್ರದ್ಧೆಯಿಂದ ಹುಡುಕುವುದನ್ನು ನಾನು ಒಂಬತ್ತು ದಿನ ನೋಡಿದೆ.

ಮೂವತ್ತನೆಯ ದಿನ, ಗುರುವಾರ ಬೆಳಿಗ್ಗೆ, ಅವಳ ಬಾಗಿಲಿಗೆ ವ್ಯಾನು ಬಂತು. ಬೇರೆ ಊರಲ್ಲಿ ಅವಳ ಚಿಕ್ಕಮ್ಮನ ಮಗಳ ಟೈಲರ್ ಅಂಗಡಿ ಇತ್ತು, ಅಲ್ಲಿಗೆ ಹೊರಟಿದ್ದಳು. ಹೊಲಿಗೆ ಯಂತ್ರವನ್ನು ಚಾದರದಲ್ಲಿ ಸುತ್ತಿ ವ್ಯಾನಿನೊಳಗೆ ಏರಿಸುವಾಗ ನನಗೆ ಮನೆಯೊಳಗೆ ನಿಲ್ಲಲಾಗಲಿಲ್ಲ. ಬೀದಿ ಸುತ್ತಿಕೊಂಡು ಅವಳ ಗೇಟಿಂದ ಒಳಗೆ ಹೋದೆ. ಖಾಲಿ ಅಡುಗೆಮನೆಯಲ್ಲಿ ಅವಳು ಕಿಟಕಿ ಹಾಕುತ್ತಿದ್ದಳು. "ನೀನು ಹೆಡ್ಮಿಸ್ಸಿಗೆ ಹೇಳಿದ್ದು ನಂಗೆ ಅವತ್ತೇ ಕೇಳ್ಸಿತ್ತು ಇಂದಕ್ಕ" ಅಂದೆ. "ನಂಗೆ ಆ ಕೆಲಸ ಬೇಕಿರ್ಲಿಲ್ಲ. ನೀನು ಬ್ಯಾಡ ಅಂದಾಗ ಜೀವ ಬಂದಂಗಾಯ್ತು. ಹೇಳೋಕೆ ಆಗ್ಲಿಲ್ಲ." ಕೊನೆಕೊನೆಗೆ ನನ್ನ ದನಿ ನನಗೇ ಕೇಳಿಸುತ್ತಿರಲಿಲ್ಲ.

ಅವಳ ಕೈ ಕಿಟಕಿಯ ಚಿಲಕದ ಮೇಲೇ ಉಳಿಯಿತು. "ಅಷ್ಟೇನಾ?" ಅಂದಳು. ಹೂಂ ಅಂದೆ. "ಹಂಗಾರೆ ನಾನು ಸರಿಯಾಗೇ ಮಾಡಿದ್ದೆ." ಅದನ್ನು ಎರಡು ಸಲ ಅಂದಳು. ಬೈಯುತ್ತಾಳೆ ಎಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು. ಅವಳು ನನ್ನ ಗಲ್ಲ ಹಿಡಿದೆತ್ತಿ ಮುಖ ನೋಡಿದಳು, ಕುತ್ತಿಗೆಯ ಅಳತೆ ತೆಗೆಯುವಾಗ ಹಿಡಿಯುವಂತೆ. "ನಂಗೆ ಹೇಳಿದ್ದು ಹಲಗೆಗಾಯ್ತು. ನಿಮ್ಮಪ್ಪಂಗೆ ಹೇಳು. ನೀನು ಹೇಳಿದ್ರೆ ಅವನೇ ಬೀದಿಗೆಲ್ಲ ಹೇಳ್ತಾನೆ, ಅವನ ಬಾಯಿ ಗೊತ್ತಲ್ಲ. ಭಾನುವಾರದವರೆಗೆ ಈ ಮನೆ ಬೀಗ ನನ್ನ ಹತ್ರಾನೇ ಇರತ್ತೆ, ಓನರ್‌ಗೆ ಇನ್ನೂ ಕೊಟ್ಟಿಲ್ಲ. ಯಾರಾದ್ರೂ ಬಾ ಅಂದ್ರೆ ಯಂತ್ರ ವಾಪಸ್ ಏರಿಸೋದು ಎಷ್ಟೊತ್ತು?" ಚೀಟಿಯಲ್ಲಿ ಚಿಕ್ಕಮ್ಮನ ಮಗಳ ಅಂಗಡಿಯ ಫೋನ್ ನಂಬರು ಬರೆದು ನನ್ನ ಕೈಗಿಟ್ಟಳು. ಹೇಳ್ತೀನಿ ಅಂದೆ. ಅವಳು ನಂಬಿದಳು.

ನಾನು ತಿರುಗಿ ಬರುವಷ್ಟರಲ್ಲಿ ವ್ಯಾನು ಹೊರಟಿತ್ತು. ನಮ್ಮ ಬೇಲಿಯ ಹತ್ತಿರ ಅಪ್ಪ, ಜಂಬಣ್ಣ, ಸಾವಕ್ಕ ನಿಂತಿದ್ದರು. ಅಪ್ಪ ಮೂರನೆಯ ಹಲಗೆಗೆ ಹೆಬ್ಬೆರಳನ್ನು ಬಲವಾಗಿ ಒತ್ತಿ, ತೆಗೆದು, ಎಲ್ಲರಿಗೂ ತೋರಿಸಿದ. ಬೆರಳು ಸ್ವಚ್ಛವಾಗಿತ್ತು. "ನೋಡಿ, ವ್ಯಾನು ಇನ್ನೂ ತಿರುವು ದಾಟಿಲ್ಲ, ಒಣಗೇ ಹೋಯ್ತು." "ಮುಚ್ಚಿಟ್ಟೋಳ ಜೊತೆಗೇ ಹೋಯ್ತು ಬಿಡು" ಅಂದ ಜಂಬಣ್ಣ. "ಏನಿಟ್ಕೊಂಡಿದ್ಲೋ ತಾಯಿ, ಹೇಳದೇ ಹೋದ್ಲಲ್ಲ" ಎಂದಳು ಸಾವಕ್ಕ. ಅವಳು ಹೇಳಿದ್ದು ಕನಿಕರದಿಂದಲೇ.

ನನ್ನ ಮುಷ್ಟಿಯಲ್ಲಿ ಚೀಟಿ ಇತ್ತು. ಈಗ ಹೇಳು ಅಂದುಕೊಂಡೆ. ಅವರೆಲ್ಲ ಹೋಗಲಿ, ಆಮೇಲೆ ಅಂದುಕೊಂಡೆ. ಅವರೆಲ್ಲ ಹೋದರು. ಅಪ್ಪ ನನ್ನ ತಲೆಯ ಮೇಲೆ ಕೈಯಿಟ್ಟ. ಬಹಳ ದಿನದ ಮೇಲೆ ಅವನ ಮುಖ ಹಗುರಾಗಿತ್ತು. "ಇನ್ನು ನಿಂಗೆ ಅಡ್ಡ ಬರೋರು ಯಾರೂ ಇಲ್ಲ ಮಗಾ. ಹೊಲಿಗೆ ಟೀಚರ ಜಾಗ ಖಾಲಿ ಆತು. ನಿಂಗೆ ಹೊಲಿಗೆ ಬರತ್ತೆ. ಸೋಮವಾರ ನಾನೇ ಹೋಗಿ ಹೆಡ್ಮಿಸ್ ಹತ್ರ ಮಾತಾಡ್ತೀನಿ. ಆಗ್ಬೋದಾ?"

ಹೂಂ ಅಂದೆ.

ಶುಕ್ರವಾರ ಇತ್ತು, ಶನಿವಾರ ಇತ್ತು, ಭಾನುವಾರ ಇಡೀ ದಿನ ಅಪ್ಪ ಮನೆಯಲ್ಲೇ ಇದ್ದ. ಒಂದೇ ಬೇಲಿಯ ಒಳಗಿರುವ ನಮ್ಮಿಬ್ಬರ ನಡುವೆ ಬೆರಳಿಟ್ಟು ನೋಡಲು ಯಾವ ಹಲಗೆಯೂ ಇಲ್ಲ. ಭಾನುವಾರ ಸಂಜೆ ಓನರ್ ಬಂದು, ಯಾರೋ ತಂದುಕೊಟ್ಟ ಬೀಗದ ಕೈಯಿಂದ ಪಕ್ಕದ ಮನೆಯ ಬಾಗಿಲು ತೆಗೆದು, ಒಳಗೆಲ್ಲ ನೋಡಿ ಹೋದ. ಸೋಮವಾರ ಬೆಳಿಗ್ಗೆ ಅಪ್ಪ ಬಿಳಿ ಅಂಗಿ ಹಾಕಿಕೊಂಡ. ಭುಜ ಇನ್ನೂ ನೋಯುತ್ತಿದ್ದುದರಿಂದ ತೋಳು ಏರಿಸಲು ನಾನೇ ಹಿಡಿದುಕೊಟ್ಟೆ. ಗುಂಡಿಗಳನ್ನೂ ನಾನೇ ಹಾಕಿದೆ.